ತಟ್ಟೆ ತಿರುಗಿಸಿ ನೋಡಿ: ಮನೀಸೆಸ್ ಕುಂಬಾರರ ಹೊಳೆಯುವ ಮಣ್ಣು

ಈ ತಟ್ಟೆಗಳಲ್ಲಿ ಒಂದು ಗುಲಗಂಜಿ ತೂಕದ ಚಿನ್ನವೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಯಾರಿಗೆ ಫೋಟೋ ತೋರಿಸಿದರೂ ಮೊದಲು ಕೇಳುವುದು ಅದನ್ನೇ. ನಮ್ಮ ದೊಡ್ಡಮ್ಮ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ "ಕಂಚಾ ಮಗಾ ಇದು?" ಅಂದರು. "ಅಲ್ಲ ದೊಡ್ಡಮ್ಮ, ಮಣ್ಣು" ಅಂದೆ. "ಮಣ್ಣಿಗೆ ಈ ಹೊಳಪು ಎಲ್ಲಿಂದ ಬಂತು?" ಅಂತ ಕೇಳಿದರು. ಅದಕ್ಕೆ ಸರಿಯಾಗಿ ಉತ್ತರ ಬರೆಯಬೇಕು ಅಂತ ತುಂಬಾ ದಿನದಿಂದ ಮನಸ್ಸಿನಲ್ಲಿತ್ತು. ಈಗ ಕಕ್ಕಡದ ಮಳೆ. ತೋಟಕ್ಕೆ ಇಳಿಯುವ ಹಾಗಿಲ್ಲ, ಕರೆಂಟು ಬಂದಾಗ ಬಂತು, ಹೋದಾಗ ಹೋಯ್ತು. ಕೂತು ಬರೆಯಲು ಸಮಯ ಇದೆ.

ನಾನು ಹೇಳುತ್ತಿರುವುದು ಲಸ್ಟರ್‌ವೇರ್ ಬಗ್ಗೆ. ಬಿಳಿ ಗ್ಲೇಜ್, ಅಂದರೆ ಗಾಜಿನಂಥ ಲೇಪ, ಹಾಕಿದ ಮಣ್ಣಿನ ತಟ್ಟೆ, ಹೂಜಿ, ಬಟ್ಟಲು, ಹೂದಾನಿಗಳ ಮೇಲೆ ಲೋಹದ ಹೊಳಪಿನ ಚಿತ್ತಾರ ಇರುತ್ತದೆ. ನೇರವಾಗಿ ನೋಡಿದರೆ ಕಂದು ಅಥವಾ ಹಳದಿ ಬಣ್ಣ. ತಲೆ ಸ್ವಲ್ಪ ವಾಲಿಸಿದರೆ ಚಿನ್ನ. ಇನ್ನೂ ಸ್ವಲ್ಪ ವಾಲಿಸಿದರೆ ಕೆಲವು ತಟ್ಟೆಗಳಲ್ಲಿ ನೇರಳೆ, ನೀಲಿ ಕೂಡ ಮಿಂಚುತ್ತದೆ. ಈ ಕೆಲಸ ಬೇರೆ ಬೇರೆ ದೇಶಗಳಲ್ಲಿ ನಡೆದಿದೆ. ನನಗೆ ಹುಚ್ಚು ಹಿಡಿಸಿದ್ದು ಮಾತ್ರ 14 ಮತ್ತು 15ನೇ ಶತಮಾನದ ಸ್ಪೇನಿನದು, ಅದರಲ್ಲೂ ವೆಲೆನ್ಸಿಯಾ ಪಕ್ಕದ ಮನೀಸೆಸ್ ಎಂಬ ಊರಿನದು. ಇವತ್ತು ವೆಲೆನ್ಸಿಯಾದ ವಿಮಾನ ನಿಲ್ದಾಣ ಇರುವುದು ಅದೇ ಊರಿನಲ್ಲಿ. ಆಗ ಅದು ಕುಂಬಾರರ ಊರು.

ಹೊಳಪು ಎಲ್ಲಿಂದ ಬಂತು ಅನ್ನುವುದಕ್ಕೆ ಚಿಕ್ಕ ಉತ್ತರ, ಹೊಗೆಯಿಂದ. ದೊಡ್ಡ ಉತ್ತರ ಹೇಳಬೇಕಾದರೆ ಆವಿಗೆಯ ಹತ್ತಿರ ಹೋಗಬೇಕು.

ಒಂದು ಲಸ್ಟರ್ ತಟ್ಟೆ ಮೂರು ಸಲ ಬೆಂಕಿ ಕಾಣುತ್ತದೆ. ಮೊದಲು ತಿಗರಿಯ ಮೇಲೋ ಅಚ್ಚಿನಲ್ಲೋ ಮಾಡಿದ ತಟ್ಟೆಯನ್ನು ಒಣಗಿಸಿ ಸುಮ್ನೆ ಸುಡುತ್ತಾರೆ. ಆಮೇಲೆ ಅದನ್ನು ಗ್ಲೇಜ್‌ನಲ್ಲಿ ಅದ್ದುತ್ತಾರೆ. ಈ ಗ್ಲೇಜ್ ಅಂದರೆ ಮರಳು, ಸೀಸ, ತವರ ಇವುಗಳನ್ನು ಸುಟ್ಟು ಅರೆದ ನೀರು. ಸೀಸದಿಂದ ಗಾಜಿನ ಪದರ ಸುಲಭವಾಗಿ ಕರಗುತ್ತದೆ, ತವರದಿಂದ ಅದು ಹಾಲಿನಂತೆ ಬಿಳಿಯಾಗುತ್ತದೆ. ಒಳಗಿನ ಕೆಂಪು ಮಣ್ಣು ಕಾಣುವುದೇ ಇಲ್ಲ. ನೀಲಿ ಬಣ್ಣ ಬೇಕು ಅಂದರೆ ಈ ಹಂತದಲ್ಲೇ ಕೋಬಾಲ್ಟ್‌ನಿಂದ ಬರೆಯಬೇಕು, ಯಾಕಂದ್ರೆ ಕೋಬಾಲ್ಟ್ ಈ ಬೆಂಕಿಯ ಬಿಸಿಯನ್ನು ತಡೆದುಕೊಳ್ಳುತ್ತದೆ. ಮತ್ತೆ ಸುಡುತ್ತಾರೆ. 900 ಡಿಗ್ರಿ ಮೀರಿದ ಬೆಂಕಿ. ಈಗ ಬಿಳಿ ಮೇಲೆ ನೀಲಿ ಇರುವ ತಟ್ಟೆ ತಯಾರು. ಇಷ್ಟಕ್ಕೇ ನಿಲ್ಲಿಸಿದರೂ ಮಾರಬಹುದು, ಪಕ್ಕದ ಪತೇರ್ನಾ ಊರಿನಿಂದ ಬಿಳಿ ಮೇಲೆ ಹಸಿರು, ನೀಲಿ ಇರುವ ಪಾತ್ರೆಗಳು ಹಾಗೇ ಮಾರಾಟವಾಗುತ್ತಿದ್ದವು.

ಮೂರನೇ ಬೆಂಕಿಯೇ ಬೇರೆ. ಬೆಳ್ಳಿ, ತಾಮ್ರ, ಗಂಧಕ ಸೇರಿಸಿ ಕಾಯಿಸಿ, ಪುಡಿ ಮಾಡಿ, ಅದಕ್ಕೆ ಹೆಚ್ಚು ಪ್ರಮಾಣದಲ್ಲಿ ಕೆಮ್ಮಣ್ಣು ಬೆರೆಸಿ, ವಿನೆಗರ್ ಹಾಕಿ ಅರೆಯುತ್ತಾರೆ. ಬೆಳ್ಳಿ ಎಲ್ಲಿಂದ ಅಂದರೆ ಜೇಬಿನಿಂದ, ಅಂದರೆ ನಾಣ್ಯ. 1785ರಲ್ಲಿ ಮನೀಸೆಸ್‌ನ ಕೆಲಸದ ಬಗ್ಗೆ ಸರ್ಕಾರಕ್ಕೆ ಬರೆದುಕೊಟ್ಟ ವರದಿಯಲ್ಲಿ ಬೆಳ್ಳಿಯ ಪೆಸೆಟಾ ನಾಣ್ಯ ಹಾಕುವ ವಿಷಯ ಇದೆ. ಈ ಅರೆದದ್ದು ನೋಡಲು ಕೆಸರಿನ ಹಾಗೆ ಇರುತ್ತದೆ, ಯಾವ ಹೊಳಪೂ ಇಲ್ಲ. ಅದರಲ್ಲಿ ಗರಿ ಅಥವಾ ಕುಂಚ ಅದ್ದಿ ತಟ್ಟೆ ಮೇಲೆ ಬರೆಯುತ್ತಾರೆ. ಒಂದು ಯೋಚಿಸಿ, ಬರೆಯುವವನಿಗೆ ಆಗ ಕಾಣುವುದು ಕೆಂಪು ಕೆಸರಿನ ಗೆರೆ ಮಾತ್ರ. ಚಿನ್ನ ಹೇಗೆ ಬರುತ್ತದೆ ಅನ್ನುವುದು ಅವನ ತಲೆಯೊಳಗೆ ಇರಬೇಕು.

ಆಮೇಲೆ ಸಣ್ಣ ಆವಿಗೆಯಲ್ಲಿ ಜೋಡಿಸಿ ಬೆಂಕಿ ಹಾಕುತ್ತಾರೆ. ಈ ಸಲ 600 ಡಿಗ್ರಿಯ ಆಸುಪಾಸು, ಅದಕ್ಕಿಂತ ತುಂಬಾ ಮೇಲೆ ಹೋಗಬಾರದು. ಗ್ಲೇಜ್ ಕರಗಬಾರದು, ಆದರೆ ಸ್ವಲ್ಪ ಮೆತ್ತಗಾಗಬೇಕು. ಆ ಹೊತ್ತಿಗೆ ಕುಂಬಾರ ಗಾಳಿ ಕಡಿಮೆ ಮಾಡಿ ಸೊಪ್ಪು, ಕಡ್ಡಿ ತುರುಕುತ್ತಾನೆ. ಮನೀಸೆಸ್‌ನಲ್ಲಿ ರೋಸ್‌ಮರಿ ಗಿಡದ ಕಡ್ಡಿಗಳನ್ನು ಉರಿಸುತ್ತಿದ್ದರು. ಒಳಗೆಲ್ಲ ಹೊಗೆ. ಉರಿಯಲು ಗಾಳಿ ಸಾಲದ ಬೆಂಕಿ ಎಲ್ಲಿ ಸಿಕ್ಕರೆ ಅಲ್ಲಿಂದ ಆಮ್ಲಜನಕ ಕಿತ್ತುಕೊಳ್ಳುತ್ತದೆ. ಗ್ಲೇಜ್ ಒಳಗೆ ಇಳಿದಿರುವ ಬೆಳ್ಳಿ, ತಾಮ್ರದಿಂದಲೂ ಕಿತ್ತುಕೊಳ್ಳುತ್ತದೆ. ಆಗ ಅವು ಮತ್ತೆ ಶುದ್ಧ ಲೋಹವಾಗುತ್ತವೆ. ಬಹಳ ಸಣ್ಣ ಸಣ್ಣ ಕಣಗಳಾಗಿ, ಗಾಜಿನ ಮೇಲ್ಪದರದ ಒಳಗೇ ಕೂತುಬಿಡುತ್ತವೆ. ಒಂದು ಮಿಲಿಮೀಟರನ್ನು ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದೋ ಎರಡೋ ಭಾಗದಷ್ಟು ದಪ್ಪದ ಕಣಗಳು ಇವು. ಬೆಳಕು ಈ ಕಣಗಳಿಗೆ ತಾಗಿ ವಾಪಸ್ ಬರುವ ರೀತಿಯಿಂದಲೇ ಆ ಬಣ್ಣ. ಬೆಳ್ಳಿ ಜಾಸ್ತಿ ಇದ್ದರೆ ಹಳದಿ ಚಿನ್ನ, ತಾಮ್ರ ಜಾಸ್ತಿ ಇದ್ದರೆ ಕೆಂಪು ಚಿನ್ನ.

ಆವಿಗೆ ಆರಿದ ಮೇಲೆ ತೆಗೆದರೆ ತಟ್ಟೆ ಕರಿ ಹಿಡಿದು, ಸುಟ್ಟ ಕೆಮ್ಮಣ್ಣಿನ ಹೊಪ್ಪಳೆ ಅಂಟಿಕೊಂಡು ಗಲೀಜಾಗಿರುತ್ತದೆ. ಅದನ್ನು ಉಜ್ಜಬೇಕು. ಉಜ್ಜಿದರೆ ಕೆಳಗಿಂದ ಚಿನ್ನ ಬರುತ್ತದೆ, ಅಥವಾ ಬರುವುದಿಲ್ಲ. ಹೊಗೆ ಕಡಿಮೆಯಾಗಿದ್ದರೆ ಬರೀ ಮಬ್ಬು ಹಳದಿ ಕಲೆ. ಬಿಸಿ ಜಾಸ್ತಿಯಾಗಿದ್ದರೆ ಕೆಮ್ಮಣ್ಣು ಗ್ಲೇಜ್‌ಗೇ ಅಂಟಿ ಹಾಳು. ಆಗ ಥರ್ಮಾಮೀಟರ್ ಇಲ್ಲ. ಆವಿಗೆಯ ಕಿಂಡಿಯಲ್ಲಿ ಕಾಣುವ ಬೆಂಕಿಯ ಬಣ್ಣ, ಹೊಗೆಯ ವಾಸನೆ, ನಡುವೆ ಹೊರಗೆಳೆದು ನೋಡುವ ಒಂದು ಚೂರು, ಇಷ್ಟೇ ಆಧಾರ. ಇಟಲಿಯ ಚಿಪ್ರಿಯಾನೋ ಪಿಕೋಲ್‌ಪಾಸೊ ಎಂಬಾತ 1557ರ ಹೊತ್ತಿಗೆ ಕುಂಬಾರಿಕೆ ಬಗ್ಗೆ ಬರೆದ ಪುಸ್ತಕದಲ್ಲಿ, ಎಷ್ಟೋ ಸಲ 100 ಪಾತ್ರೆ ಇಟ್ಟರೆ ಸರಿಯಾಗಿ ಬರುವುದು 6 ಅಂತ ಹೇಳಿದ್ದಾನೆ. ಎರಡು ಸಲ ಸುಟ್ಟು, ಗ್ಲೇಜ್ ಹಾಕಿ, ನೀಲಿ ಬರೆದು, ಬೆಳ್ಳಿ ಬಳಿದು, ಇಷ್ಟೆಲ್ಲ ಆದ ಮೇಲೆ 94 ಹೋಗಿಬಿಡುವುದು ಅಂದರೆ ಅದನ್ನು ತಡೆದುಕೊಳ್ಳುವುದಕ್ಕೆ ಎಂಥ ಎದೆ ಬೇಕು! ಮ್ಯೂಸಿಯಂನಲ್ಲಿ ಇರುವ ಪ್ರತಿಯೊಂದು ತಟ್ಟೆಯ ಹಿಂದೆಯೂ ಮಣ್ಣಿಗೆ ಹೋದ ತಟ್ಟೆಗಳ ರಾಶಿ ಇದೆ ಅಂತ ನೆನಪಿಟ್ಟುಕೊಂಡೇ ನಾನು ನೋಡುತ್ತೇನೆ.

ಹೊಗೆಯಿಂದ ಮಣ್ಣಿನ ಬಣ್ಣ ಬದಲಿಸುವುದು ನಮ್ಮ ಬೆಟ್ಟಗಳಿಗೂ ಹೊಸದಲ್ಲ. ಸೋಮವಾರಪೇಟೆ ಕಡೆಯ ದೊಡ್ಡಮಳ್ತೆಯಲ್ಲಿ, ವಿರಾಜಪೇಟೆ ಸುತ್ತಮುತ್ತ, ಚಪ್ಪಡಿ ಕಲ್ಲಿನ ಹಳೇ ಸಮಾಧಿಗಳಿವೆ, ಪಾಂಡವರ ಮನೆ ಅಂತ ಜನ ಕರೆಯುತ್ತಾರಲ್ಲ, ಅವೇ. 19ನೇ ಶತಮಾನದಲ್ಲಿ ಬ್ರಿಟಿಷರು ಕೊಡಗಿನ ಇಂಥ ಸಮಾಧಿಗಳನ್ನು ಅಗೆದು ನೋಡಿದಾಗ ಒಳಗೆ ಮಣ್ಣಿನ ಪಾತ್ರೆಗಳು ಸಿಕ್ಕವು. ದಕ್ಷಿಣ ಭಾರತದ ಇಂಥ ಸಮಾಧಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಹೊರಗೆ ಕೆಂಪು, ಒಳಗೆ ಮತ್ತು ಬಾಯಿ ಹತ್ತಿರ ಕಪ್ಪು ಇರುವ ಪಾತ್ರೆಗಳು. ಪಾತ್ರೆ ಕವುಚಿ ಹಾಕಿ ಸುಟ್ಟರೆ ಒಳಗೆ ಗಾಳಿ ಹೋಗುವುದಿಲ್ಲ, ಅಲ್ಲಿ ಕಪ್ಪಾಗುತ್ತದೆ. ಹೊರಗೆ ಗಾಳಿ ಸಿಗುತ್ತದೆ, ಅಲ್ಲಿ ಕೆಂಪು. ಸುಡುವ ಮೊದಲು ನುಣುಪು ಕಲ್ಲಿನಿಂದ ತಿಕ್ಕಿದ್ದರಿಂದ ಇವತ್ತಿಗೂ ಹೊಳಪಿದೆ. ಇವಕ್ಕೂ ಸ್ಪೇನಿನ ತಟ್ಟೆಗಳಿಗೂ ಯಾವ ನಂಟೂ ಇಲ್ಲ, ನಡುವೆ ಸಾವಿರಕ್ಕೂ ಹೆಚ್ಚು ವರ್ಷ ಇದೆ. ಗ್ಲೇಜ್ ಇಲ್ಲ, ಲೋಹ ಇಲ್ಲ. ಆದರೆ ಗಾಳಿ ಕೊಡುವುದು, ಗಾಳಿ ತಡೆಯುವುದು ಎರಡನ್ನೂ ಬಣ್ಣದ ಹಾಗೆ ಬಳಸಿದ ಕೈಗಳು ಇಲ್ಲೂ ಇದ್ದವು ಅನ್ನುವುದು ನನಗೆ ಖುಷಿ ಕೊಡುವ ವಿಷಯ. ಈ ಪಾತ್ರೆಗಳನ್ನು ನೋಡಿದ್ದವರಿಗೆ ಲಸ್ಟರ್ ಅರ್ಥವಾಗುವುದು ಬೇಗ.

ಈ ವಿದ್ಯೆ ಸ್ಪೇನಿಗೆ ಬಂದ ದಾರಿ ದೊಡ್ಡದು, ಬೇಗ ಹೇಳಿ ಮುಗಿಸುತ್ತೇನೆ. ಮೊದಲು ಇದನ್ನು ಗಾಜಿನ ಮೇಲೆ ಮಾಡಿದರು, 8ನೇ ಶತಮಾನದಲ್ಲಿ, ಈಜಿಪ್ಟ್ ಕಡೆ. 9ನೇ ಶತಮಾನದಲ್ಲಿ ಇರಾಕಿನ ಕುಂಬಾರರು ಮಣ್ಣಿನ ಮೇಲೆ ತಂದರು. ಟುನೀಶಿಯಾದ ಕೈರವಾನ್ ಮಸೀದಿಯ ಗೋಡೆಯಲ್ಲಿ ಆ ಕಾಲದ ಲಸ್ಟರ್ ಟೈಲುಗಳು ಇವತ್ತಿಗೂ ಇವೆ. ಆಮೇಲೆ ಕೈರೋ ಪಕ್ಕದ ಫುಸ್ತಾತ್, ಆಮೇಲೆ ಇರಾನಿನ ಕಾಶಾನ್. ಕಾಶಾನಿನ ಕುಂಬಾರ ಮನೆತನದಲ್ಲಿ ಹುಟ್ಟಿದ ಅಬುಲ್ ಖಾಸಿಂ 1301ರಲ್ಲಿ ತನ್ನ ಮನೆಯ ಕಸುಬಿನ ಬಗ್ಗೆ ಬರೆದಿಟ್ಟಿದ್ದಾನೆ. ಮೂರು ಹಗಲು ಮೂರು ರಾತ್ರಿ ಮೆಲ್ಲಗೆ ಹೊಗೆ ಕೊಡಬೇಕು, ಆರಿದ ಮೇಲೆ ಒದ್ದೆ ಮಣ್ಣಿನಿಂದ ಉಜ್ಜಬೇಕು, ಸರಿಯಾಗಿ ಬೆಂದದ್ದು ಕೆಂಪು ಚಿನ್ನದಂತೆ, ಸೂರ್ಯನ ಬೆಳಕಿನಂತೆ ಹೊಳೆಯುತ್ತದೆ ಅನ್ನುತ್ತಾನೆ. ಕಸುಬಿನವನ ಮನೆಯಿಂದಲೇ ಬಂದ ಬರಹ ಆದ್ದರಿಂದ ಅದಕ್ಕೆ ಬೆಲೆ ಜಾಸ್ತಿ.

ಒಂದು ಊರಿನಲ್ಲಿ ಅರಸರು ಬಿದ್ದರೆ, ದುಡ್ಡು ಕೊಡುವವರು ಇಲ್ಲವಾದರೆ, ಕುಂಬಾರರು ಗಂಟು ಕಟ್ಟಿಕೊಂಡು ಇನ್ನೊಂದು ಊರಿಗೆ ಹೋಗುತ್ತಿದ್ದರು. ವಿದ್ಯೆ ಅವರ ಕೈಯಲ್ಲೇ ಹೋಗುತ್ತಿತ್ತು. ಹಾಗೆ ದಕ್ಷಿಣ ಸ್ಪೇನಿನ ಮಾಲಗಾ ಬಂದರಿಗೆ ಬಂತು. ಅಲ್ಲಿ ಆಗ ಗ್ರನಾಡಾದ ನಸ್ರಿದ್ ಸುಲ್ತಾನರ ಆಳ್ವಿಕೆ. ಇಬ್ನ್ ಬತೂತಾ ಗೊತ್ತಲ್ವಾ, 1340ರ ದಶಕದಲ್ಲಿ ಹೊನ್ನಾವರ, ಬಾರ್ಕೂರು, ಮಂಗಳೂರು ದಾಟಿ ಕಣ್ಣೂರಿನ ಕಡೆ, ಅಂದರೆ ನಮ್ಮ ಘಟ್ಟದ ಬುಡದಲ್ಲೇ ಹಾದುಹೋದ ಪ್ರವಾಸಿ. ಅದೇ ಮನುಷ್ಯ ಊರಿಗೆ ಮರಳಿದ ಮೇಲೆ 1350ರ ಸುಮಾರಿಗೆ ಮಾಲಗಾಕ್ಕೂ ಹೋದ. ಅಲ್ಲಿ ಅದ್ಭುತವಾದ ಚಿನ್ನದ ಬಣ್ಣದ ಮಣ್ಣಿನ ಪಾತ್ರೆ ಮಾಡುತ್ತಾರೆ, ಅವು ದೂರ ದೂರದ ದೇಶಗಳಿಗೆ ಹೋಗುತ್ತವೆ ಅಂತ ಹೇಳಿದ್ದಾನೆ. ಚೀನಾದ ಪಿಂಗಾಣಿ ನೋಡಿ ಬಂದ ಕಣ್ಣು ಅದು. ಆ ಕಣ್ಣಿಗೆ ಇದು ಅದ್ಭುತ ಅನಿಸಿದೆ ಅಂದರೆ ಸುಮ್ನೆ ಅಲ್ಲ.

ಮಾಲಗಾದಲ್ಲಿ ಮಾಡಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡವು ಅಲ್‌ಹಂಬ್ರಾ ಹೂಜಿಗಳು. ಅಲ್‌ಹಂಬ್ರಾ ಅಂದರೆ ಗ್ರನಾಡಾದ ಸುಲ್ತಾನರ ಅರಮನೆ. ರೆಕ್ಕೆಯಂಥ ಎರಡು ಹಿಡಿ, ಕೆಳಗೆ ಚೂಪು. ಅಲ್‌ಹಂಬ್ರಾದಲ್ಲೇ ಇರುವ ಜಿಂಕೆಗಳ ಹೂಜಿ ಸುಮಾರು 135 ಸೆಂಟಿಮೀಟರ್ ಎತ್ತರ, ಒಂದು ರೆಕ್ಕೆ ಮುರಿದು ಹೋಗಿದೆ. ಅಷ್ಟು ದೊಡ್ಡ ಪಾತ್ರೆಯನ್ನು ಮೂರು ಸಲ ಸುಟ್ಟು ಒಡೆಯದೆ ಹೊರತೆಗೆದಿದ್ದಾರೆ. ಇನ್ನೊಂದು ನನಗೆ ತುಂಬಾ ಇಷ್ಟವಾದದ್ದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. 15ನೇ ಶತಮಾನದ ಮೊದಲ ಅರ್ಧದ್ದು. ಅರ್ಧ ಮೀಟರ್ ಅಗಲದ ಬೋಗುಣಿ, ಒಳಗೆ ಪೂರ್ತಿ ಒಂದು ಹಡಗು, ಹಾಯಿಯ ಮೇಲೆ ಪೋರ್ಚುಗಲ್‌ನ ಲಾಂಛನ. ಹಾಯಿ ಗಾಳಿ ತುಂಬಿ ಉಬ್ಬಿದ್ದು ಬೋಗುಣಿಯ ಗುಂಡಿಗೆ ಎಷ್ಟು ಸರಿಯಾಗಿ ಹೊಂದಿದೆ ಅಂದರೆ ಬರೆದವನಿಗೆ ಪಾತ್ರೆಯ ಆಕಾರ ಕೈಯಲ್ಲೇ ಇತ್ತು ಅನಿಸುತ್ತದೆ.

ಈಗ ಮನೀಸೆಸ್‌ಗೆ ಬರೋಣ. ವೆಲೆನ್ಸಿಯಾ 1238ರಲ್ಲಿ ಕ್ರೈಸ್ತ ರಾಜನ ಕೈಗೆ ಹೋಗಿತ್ತು. ಆದರೆ ಮುಸ್ಲಿಂ ರೈತರು, ಕುಶಲಕರ್ಮಿಗಳು ಅಲ್ಲೇ ಉಳಿದಿದ್ದರು. 14ನೇ ಶತಮಾನದ ಆರಂಭದಲ್ಲಿ ಮನೀಸೆಸ್ ಊರು ಬೋಯ್ಲ್ ಎಂಬ ಮನೆತನದ ಕೈಯಲ್ಲಿತ್ತು. ದಕ್ಷಿಣದಿಂದ ಲಸ್ಟರ್ ಗೊತ್ತಿದ್ದ ಕುಂಬಾರರು ಬಂದು ಅಲ್ಲಿ ನೆಲೆಸಿದರು. ಮೊದಲು ಅವರು ಮಾಡಿದ್ದನ್ನು ಮಾಲಗಾ ಕೆಲಸ ಎಂದೇ ಮಾರುತ್ತಿದ್ದರು. ಒಡೆಯರಿಗೆ ಆದಾಯದಲ್ಲಿ ಪಾಲು. ಒಡೆಯರು ಕ್ರೈಸ್ತರು, ಕುಂಬಾರರು ಮುಸ್ಲಿಮರು, ಕೊಳ್ಳುವವರು ಯುರೋಪಿನ ಎಲ್ಲ ಕಡೆಯವರು. 1383ರಲ್ಲಿ ಫ್ರಾನ್ಸೆಸ್ಕ್ ಎಯ್‌ಶಿಮೆನಿಸ್ ಎಂಬ ಕ್ರೈಸ್ತ ಸನ್ಯಾಸಿ ವೆಲೆನ್ಸಿಯಾದ ಹೆಗ್ಗಳಿಕೆಗಳನ್ನು ಬರೆಯುವಾಗ ಮನೀಸೆಸ್‌ನ ಚಿನ್ನದ ಪಾತ್ರೆಗಳನ್ನು ಹೇಳಿದ. ಪೋಪ್, ಕಾರ್ಡಿನಲ್‌ಗಳು, ರಾಜರು ಎಲ್ಲ ಬೇಕು ಅಂತ ಕೇಳಿ ತರಿಸಿಕೊಳ್ಳುತ್ತಾರೆ, ಮಣ್ಣಿನಿಂದ ಇಂಥದ್ದು ಆಗುತ್ತದಾ ಅಂತ ಬೆರಗಾಗುತ್ತಾರೆ ಅನ್ನುತ್ತಾನೆ.

ಮಾಲಗಾಕ್ಕಿಂತ ಮನೀಸೆಸ್ ಮುಂದೆ ಹೋದದ್ದು 15ನೇ ಶತಮಾನದಲ್ಲಿ. ಇಲ್ಲಿ ಹಂಪಿಯಲ್ಲಿ ಎರಡನೇ ದೇವರಾಯ ಆಳುತ್ತಿದ್ದ ಕಾಲ ಅಂತ ಇಟ್ಟುಕೊಳ್ಳಿ. 1454ರಲ್ಲಿ ಸ್ಪೇನಿನ ಅರಗಾನ್ ರಾಜ್ಯದ ರಾಣಿ ಮಾರಿಯಾ ಆಗಿನ ಮನೀಸೆಸ್ ಒಡೆಯ ಪೆದ್ರೋ ಬೋಯ್ಲ್‌ಗೆ ಒಂದು ಕಾಗದ ಬರೆದಳು. ಕೈ ತೊಳೆಯುವ ಬೋಗುಣಿ, ಮಾಂಸ ಬಡಿಸುವ ದೊಡ್ಡ ಹರಿವಾಣ, ಗಂಜಿ ಬಟ್ಟಲು, ನೀರಿನ ಹೂಜಿ, ಎರಡು ಹಿಡಿಯ ಹೂದಾನಿ, ಹೀಗೆ ಪಟ್ಟಿ. ಎಲ್ಲದಕ್ಕೂ ಒಳಗೂ ಹೊರಗೂ ಲಸ್ಟರ್ ಇರಬೇಕು ಅನ್ನುವುದು ರಾಣಿಯ ಆಜ್ಞೆ. ಆ ಕಾಗದ ಓದಿದರೆ ಒಂದು ಅಡುಗೆಮನೆಯ ಒಳಗೆ ನಿಂತ ಹಾಗಾಗುತ್ತದೆ, ಅದಕ್ಕೇ ನನಗೆ ಅದು ಯಾವ ಯುದ್ಧದ ದಾಖಲೆಗಿಂತಲೂ ಹತ್ತಿರ.

ಇಟಲಿಯ ಶ್ರೀಮಂತರಂತೂ ಮುಗಿಬಿದ್ದರು. ಫ್ಲಾರೆನ್ಸ್‌ನ ಮೆದಿಚಿ ಮನೆತನದ ಲಾಂಛನ ಇರುವ ರೆಕ್ಕೆಯ ಹೂದಾನಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಹ್ಯೂಗೋ ವಾನ್ ಡರ್ ಗೂಸ್ ಎಂಬ ಚಿತ್ರಕಾರ ಬರೆದ ಪೋರ್ತಿನಾರಿ ಚಿತ್ರ ಒಂದಿದೆ, ಈಗ ಫ್ಲಾರೆನ್ಸ್‌ನ ಉಫೀಜಿ ಮ್ಯೂಸಿಯಂನಲ್ಲಿರುವುದು, 1475ರ ಸುಮಾರಿನದು. ಅದರಲ್ಲಿ ಮಗು ಯೇಸುವಿನ ಮುಂದೆ ನೆಲದ ಮೇಲೆ ಒಂದು ಸ್ಪೇನಿನ ಜಾಡಿ ಇಟ್ಟು ಹೂವು ಹಾಕಿದ್ದಾರೆ. ದೇವರ ಮುಂದೆ ಇಡಲು ಚಿತ್ರಕಾರ ಆರಿಸಿದ್ದು ಮುಸ್ಲಿಂ ಕುಂಬಾರರ ಪರಂಪರೆಯ ಜಾಡಿಯನ್ನು. ಅವನಿಗೆ ಅದರಲ್ಲಿ ಏನೂ ತೊಡಕು ಕಾಣಲಿಲ್ಲ.

ತಟ್ಟೆಗಳ ಮೇಲೂ ಹಾಗೇ ಎಲ್ಲ ಬೆರೆತಿದೆ. ಒಂದು ಕಡೆ ಅರಬ್ಬಿಯಲ್ಲಿ ಕ್ಷೇಮ, ಆರೋಗ್ಯ ಕೋರುವ ಅಕ್ಷರಗಳು. ಅವನ್ನು ಮತ್ತೆ ಮತ್ತೆ ಬರೆದು ಬರೆದು ಕೊನೆಗೆ ಓದಲು ಬಾರದ ಬಳ್ಳಿಯ ಹಾಗೆ ಆಗಿಬಿಟ್ಟಿವೆ. ಇನ್ನೊಂದು ಕಡೆ ಮೇರಿಗೆ ನಮಸ್ಕಾರ ಹೇಳುವ ಲ್ಯಾಟಿನ್ ಸಾಲು, ಅದೂ ಅದೇ ಕೈ, ಅದೇ ಗರಿ. ಬರೆದವನು ಮನೆಗೆ ಹೋಗಿ ನಮಾಜು ಮಾಡುವವನು. ತಟ್ಟೆಯ ತುಂಬ ಸಣ್ಣ ಸಣ್ಣ ಎಲೆ, ಚುಕ್ಕಿ, ನೀಲಿ ಹೂವು. ನಡುವೆ ಕೊಂಡವರ ಲಾಂಛನ. ನಮ್ಮಲ್ಲಿ ಮದುವೆಗೆ ಕೊಡುವ ಪಾತ್ರೆಯ ಮೇಲೆ ಹೆಸರು ಹಾಕಿಸುತ್ತೇವಲ್ಲ, ಕೊಟ್ಟವರ ಹೆಸರು ಇರುತ್ತದೆ, ಪಾತ್ರೆ ಬಡಿದವರ ಹೆಸರು ಇರುವುದಿಲ್ಲ, ಇಲ್ಲೂ ಅದೇ ಕಥೆ.

ಅದಕ್ಕೇ ನಾನು ಹೇಳುವುದು, ತಟ್ಟೆ ತಿರುಗಿಸಿ ನೋಡಿ.

ತಟ್ಟೆಯ ಮುಂಭಾಗ ಕೊಳ್ಳುವವನದು. ಅವನ ಲಾಂಛನ ಸರಿಯಾಗಿ ಬರಬೇಕು, ಎಲೆಗಳು ಸಾಲು ತಪ್ಪಬಾರದು, ಒಂದು ಅಂಗುಲ ಜಾಗ ಖಾಲಿ ಇರಬಾರದು. ಕೆಲಸ ಅಚ್ಚುಕಟ್ಟು, ಆದರೆ ಕೈ ಕಟ್ಟಿಹಾಕಿದ ಹಾಗೆ. ಹಿಂಭಾಗದಲ್ಲಿ ಒಂದು ದೊಡ್ಡ ಹದ್ದು. ಅಥವಾ ಸಿಂಹ, ಅಥವಾ ಜಿಂಕೆ. ನೀಲಿ ಇಲ್ಲ, ಬರೀ ಲಸ್ಟರ್. ದಪ್ಪ ಕುಂಚ ಹಿಡಿದು ತಟ್ಟೆಯ ಇಡೀ ಅಗಲಕ್ಕೆ ರೆಕ್ಕೆ ಬಿಚ್ಚಿಸಿದ್ದಾನೆ, ಒಂದೊಂದು ಗರಿಯೂ ಒಂದೇ ಎಳೆತ, ತಿದ್ದಿದ ಗುರುತಿಲ್ಲ. ಕಣ್ಣಿಗೆ ಒಂದು ಚುಕ್ಕಿ. ಉಗುರುಗಳು ಅಂಚಿನವರೆಗೆ. ಮುಂದೆ ಅಷ್ಟು ಶಿಸ್ತಿನಿಂದ ಕೂತವನು ಹಿಂದೆ ಎದ್ದು ಕುಣಿದಿದ್ದಾನೆ ಅನಿಸುತ್ತದೆ ನನಗೆ. ಎಲ್ಲ ತಟ್ಟೆಗಳಲ್ಲಿ ಹೀಗೆ ಇಲ್ಲ, ಕೆಲವದರ ಹಿಂದೆ ಬರೀ ಸುತ್ತು ಗೆರೆಗಳು, ಸೊಪ್ಪಿನಂಥ ಚಿತ್ತಾರ. ಆದರೆ ಹದ್ದು ಇರುವ ತಟ್ಟೆಗಳಲ್ಲಿ ಮುಂದಿಗಿಂತ ಹಿಂದೆಯೇ ಚೆಂದ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಇದನ್ನು ಯಾರು ನೋಡುತ್ತಿದ್ದರು? ಎಷ್ಟೋ ತಟ್ಟೆಗಳ ಅಂಚಿನಲ್ಲಿ ತೂತು ಇದೆ, ಗೋಡೆಗೆ ನೇತು ಹಾಕಲು. ಗೋಡೆಗೆ ಹಾಕಿದರೆ ಹದ್ದು ಗೋಡೆ ಕಡೆ. ಮೇಜಿನ ಮೇಲೆ ಇಟ್ಟರೆ ಹದ್ದು ಮೇಜಿನ ಕಡೆ. ತೊಳೆಯುವವರು, ಒರೆಸುವವರು ನೋಡಿರಬೇಕು, ಅಷ್ಟೇ. ಬೆಳ್ಳಿ ಹಾಕಿದ ಬಣ್ಣವನ್ನು ಯಾರೂ ನೋಡದ ಕಡೆ ಇಷ್ಟು ಧಾರಾಳವಾಗಿ ಬಳಿಯುವುದು ಲೆಕ್ಕಾಚಾರದ ಮಾತಲ್ಲ. ರಾಣಿ ಮಾರಿಯಾ ಒಳಗೂ ಹೊರಗೂ ಬೇಕು ಅಂತ ಕೇಳಿದ್ದಳು, ನಿಜ, ಹೊರಗೂ ಇದ್ದರೆ ಬೆಲೆಯೂ ಮರ್ಯಾದೆಯೂ ಹೆಚ್ಚು. ಆದರೆ ಹದ್ದಿನ ಆ ರಭಸವನ್ನು ಯಾವ ರಾಣಿಯ ಕಾಗದವೂ ಕೇಳಿರಲಿಕ್ಕಿಲ್ಲ, ಅದು ಬರೆಯುವವನ ಇಷ್ಟ.

ಅವನ ಹೆಸರು ತಟ್ಟೆಯಲ್ಲಿ ಇಲ್ಲ. ಇದು ನನಗೆ ನಿಜವಾಗಿ ಬೇಜಾರಿನ ವಿಷಯ. ಈಜಿಪ್ಟಿನಲ್ಲಿ ಸಾದ್ ಮತ್ತು ಮುಸ್ಲಿಂ ಎಂಬ ಹೆಸರಿನ ಇಬ್ಬರು ಕುಂಬಾರರು ತಮ್ಮ ಲಸ್ಟರ್ ಪಾತ್ರೆಗಳ ಮೇಲೆ ಹೆಸರು ಬರೆದಿದ್ದಾರೆ. ಕಾಶಾನಿನ ಅಬು ಝೈದ್ ಹೆಸರಿನ ಜೊತೆಗೆ ತಾರೀಕನ್ನೂ ಬರೆದಿದ್ದಾನೆ. ಇಟಲಿಯ ಗುಬ್ಬಿಯೋ ಊರಿನ ಮಾಸ್ತ್ರೋ ಜೋರ್ಜೋ 16ನೇ ಶತಮಾನದಲ್ಲಿ ತಟ್ಟೆಯ ಹಿಂದೆ ಸಹಿ ಹಾಕಿ, ಅದೂ ಲಸ್ಟರ್‌ನಲ್ಲೇ ಹಾಕಿ, ಹೆಸರು ಮಾಡಿಕೊಂಡ. ಮನೀಸೆಸ್‌ನಲ್ಲಿ ಕರಾರು ಪತ್ರಗಳಲ್ಲಿ ಕೆಲವು ಹೆಸರುಗಳು ಸಿಗುತ್ತವೆ, ಆದರೆ ಯಾವ ತಟ್ಟೆ ಯಾರದು ಅಂತ ಜೋಡಿಸಲು ಆಗುವುದಿಲ್ಲ. ಬೋಯ್ಲ್, ಮಾರಿಯಾ, ಮೆದಿಚಿ, ಇವರೆಲ್ಲ ಉಳಿದರು. ಹದ್ದು ಬರೆದವನು ಉಳಿಯಲಿಲ್ಲ. ಮ್ಯೂಸಿಯಂಗಳ ಚೀಟಿಯಲ್ಲಿ ಲಾಂಛನ ಯಾವ ಮನೆತನದ್ದು ಅಂತ ವಿವರವಾಗಿ ಇರುತ್ತದೆ. ಮಾಡಿದವರ ಬಗ್ಗೆ ಒಂದು ಸಾಲಾದರೂ ಜಾಸ್ತಿ ಬರೆಯಬೇಕು, ಅವರು ಯಾವ ಧರ್ಮದವರು, ಯಾರ ಕೆಳಗೆ ದುಡಿಯುತ್ತಿದ್ದರು, ಏನಾದರು ಅಂತ. ಅದು ಕಷ್ಟದ ಕೆಲಸವೇನಲ್ಲ.

ಏನಾದರು ಅಂದರೆ, ಓಡಿಸಿಬಿಟ್ಟರು. 1487ರಲ್ಲಿ ಮಾಲಗಾ ಬಿತ್ತು, 1492ರಲ್ಲಿ ಗ್ರನಾಡಾ. 1520ರ ದಶಕದಲ್ಲಿ ವೆಲೆನ್ಸಿಯಾದ ಮುಸ್ಲಿಮರನ್ನು ಬಲವಂತವಾಗಿ ಮತಾಂತರ ಮಾಡಿದರು. ಆದರೂ ಕಸುಬು ನಡೆಯುತ್ತಿತ್ತು. 1585ರಲ್ಲಿ ರಾಜ ಎರಡನೇ ಫಿಲಿಪ್‌ನ ಪರಿವಾರದಲ್ಲಿದ್ದ ಹೆನ್ರಿಕ್ ಕಾಕ್ ಎಂಬಾತ ಅರಗಾನಿನ ಮುಎಲ್ ಎಂಬ ಊರಿನಲ್ಲಿ ಇವರನ್ನು ನೋಡಿದ. ಊರಿನವರು ಹೆಚ್ಚಿನವರೂ ಹೀಗೆ ಮತಾಂತರ ಆದವರು, ಹೆಚ್ಚಿನವರೂ ಕುಂಬಾರರು. ಗಟ್ಟಿ ವಿನೆಗರ್‌ನಲ್ಲಿ ಬೆಳ್ಳಿ, ಇಂಗಲೀಕ, ಕೆಮ್ಮಣ್ಣು, ಸ್ವಲ್ಪ ತಂತಿ ಸೇರಿಸಿ ಅರೆದು, ಗರಿಯಿಂದ ಬರೆದು, ಮೂರನೇ ಸಲ ಸುಡುತ್ತಾರೆ ಅಂತ ಬರೆದಿಟ್ಟ. 1609ರಲ್ಲಿ ಹೀಗೆ ಮತಾಂತರ ಆದವರನ್ನು ದೇಶದಿಂದಲೇ ಹೊರಹಾಕುವ ಆಜ್ಞೆ ಬಂತು, ಮೊದಲು ವೆಲೆನ್ಸಿಯಾದಲ್ಲೇ. ಇಲ್ಲಿ ಕೊಡಗಿನಲ್ಲಿ ಹಾಲೇರಿ ಅರಸರ ಆಳ್ವಿಕೆ ಬೇರೂರುತ್ತಿದ್ದ ಕಾಲ ಅದು. ಕೆಲವೇ ವರ್ಷಗಳಲ್ಲಿ ಇಡೀ ಸ್ಪೇನಿನಿಂದ ಸುಮಾರು 3 ಲಕ್ಷ ಜನರನ್ನು ಹೊರಗೆ ಕಳಿಸಿದರು. ಮುಎಲ್‌ನ ಕುಂಬಾರರೂ ಹೋದರು. ಮನೀಸೆಸ್‌ನಲ್ಲಿ ಉಳಿದವರು ಕೆಲಸ ಬಿಡಲಿಲ್ಲ, ಲಸ್ಟರ್ ಅಲ್ಲಿ ಪೂರ್ತಿ ಸತ್ತಿಲ್ಲ. ಆದರೆ 17ನೇ ಶತಮಾನದ ತಟ್ಟೆಗಳನ್ನು ನೋಡಿ, ಬಣ್ಣ ತಾಮ್ರದ ಕೆಂಪು, ಹಕ್ಕಿಗಳು ಅವಸರದಲ್ಲಿ ಗೀಚಿದವು. ಚೆಂದ ಇಲ್ಲ ಅಂತಲ್ಲ, ಅವಕ್ಕೆ ಅವುಗಳದೇ ಹುಮ್ಮಸ್ಸು ಇದೆ. ಆದರೆ ಆ ಹಳೇ ಹದ್ದು ಮತ್ತೆ ಬರಲಿಲ್ಲ.

ಇನ್ನು ಸ್ವಲ್ಪ ನಮ್ಮ ಮನೆಗಳ ಮಾತು. ಎಷ್ಟೋ ಮನೆಗಳ ಶೋಕೇಸಿನಲ್ಲಿ ಚಿನ್ನದ ಅಂಚಿನ ಪಿಂಗಾಣಿ ಕಪ್ಪು ಸಾಸರು ಇರುತ್ತದೆ, ನೆಂಟರು ಬಂದಾಗ ಕಾಫಿ ಕೊಡಲು. ಅದು ಬೇರೆ. ಒಳ್ಳೆಯದಾಗಿದ್ದರೆ ಅದರಲ್ಲಿ ನಿಜವಾದ ಚಿನ್ನದ ದ್ರವ ಬಳಿದು ಸುಟ್ಟಿರುತ್ತಾರೆ. ಚಿನ್ನ ಗ್ಲೇಜಿನ ಮೇಲೆ ಕೂತಿರುತ್ತದೆ, ತೆಂಗಿನ ನಾರಿನಲ್ಲಿ ಉಜ್ಜಿ ಉಜ್ಜಿ ತೊಳೆದರೆ ಹೋಗುತ್ತದೆ. ಲಸ್ಟರ್‌ನಲ್ಲಿ ಲೋಹ ಗ್ಲೇಜಿನ ಒಳಗೆ ಇರುತ್ತದೆ, ಚಿನ್ನವೇ ಇಲ್ಲದೆ 500 ವರ್ಷ ಹೊಳೆದಿದೆ. ಇನ್ನೊಂದು ಮಾತು. ಹಳೇ ಕಾಲದ ಗ್ಲೇಜಿನಲ್ಲಿ ಸೀಸ ಇದೆ. ಈಗಲೂ ಆ ಹಳೇ ವಿಧಾನದಲ್ಲಿ ಮಾಡಿದ ಅಲಂಕಾರದ ತಟ್ಟೆ ಯಾರಾದರೂ ಸ್ಪೇನಿನಿಂದ ತಂದುಕೊಟ್ಟರೆ ಗೋಡೆಗೆ ಹಾಕಿ, ಅದರಲ್ಲಿ ಊಟ ಬೇಡ. ಹುಳಿ ತಾಗಿದರೆ ಸೀಸ ಬಿಟ್ಟುಕೊಳ್ಳುತ್ತದೆ. ಕಾಚಂಪುಳಿ ಹಾಕಿದ ಪಂದಿಕರಿಯನ್ನಂತೂ ಅದರಲ್ಲಿ ಬಡಿಸಲೇಬೇಡಿ.

ನೋಡಬೇಕು ಅನಿಸಿದವರಿಗೆ ಒಂದು ಸುಳಿವು. ಸ್ಪೇನಿಗೆ ಹೋಗಲು ಆದರೆ ವೆಲೆನ್ಸಿಯಾದಲ್ಲಿ ಗೊನ್ಸಾಲೆಸ್ ಮಾರ್ತಿ ಹೆಸರಿನ ಪಿಂಗಾಣಿ ಮ್ಯೂಸಿಯಂ ಇದೆ. ಆಗದವರಿಗೆ ಲಂಡನ್ನಿನ ಎರಡೂ ಮ್ಯೂಸಿಯಂಗಳು, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ತಮ್ಮ ಸಂಗ್ರಹದ ಫೋಟೋಗಳನ್ನು ಇಂಟರ್ನೆಟ್‌ನಲ್ಲಿ ಪುಕ್ಕಟೆ ಇಟ್ಟಿವೆ. ಮನೀಸೆಸ್ ಅಂತ ಇಂಗ್ಲಿಷಿನಲ್ಲಿ ಹುಡುಕಿ. ಒಂದೇ ಫೋಟೋದಲ್ಲಿ ಹೊಳಪು ಪೂರ್ತಿ ಸಿಗುವುದಿಲ್ಲ, ಅದು ತಲೆ ಅಲ್ಲಾಡಿಸಿದರೆ ಬರುವ ಹೊಳಪು. ವಿಡಿಯೋ ಇದ್ದರೆ ಅದನ್ನು ನೋಡಿ. ತಟ್ಟೆಯ ಮೊದಲ ಫೋಟೋದಲ್ಲಿ ಲಾಂಛನ ಇರುತ್ತದೆ. ಅಲ್ಲೇ ನಿಲ್ಲಬೇಡಿ, ಎರಡನೆಯದೋ ಮೂರನೆಯದೋ ಫೋಟೋ ಹಿಂಭಾಗದ್ದು ಇರುತ್ತದೆ, ಅದನ್ನು ದೊಡ್ಡದು ಮಾಡಿ ನೋಡಿ. ಹದ್ದು ಸಿಕ್ಕರೆ ನನಗೂ ಕಳಿಸಿ.